ಇಂಜೆಕ್ಷನ್ ಬೇಡವೆಂದ ಕಲ್ಯಾಣಪ್ಪ

ಎಲ್ಲಾ ಹಾಳಾದದ್ದು ನಿಂಬೆವ್ವನ ಬಾಯಿಂದ. ಆ ಗುರುವಾರ ಬೆಳಿಗ್ಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಹೆಂಗಸು ಮಜ್ಜಿಗೆ ಇಸಿದುಕೊಂಡು ಸುಮ್ಮನೆ ಹೋಗಿದ್ದರೆ, ಕಲ್ಯಾಣಪ್ಪ ಎಲ್ಲರ ಹಾಗೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು, ಅರ್ಧ ತಾಸು ನಿದ್ದೆ ಹೊಡೆದು, ಮಧ್ಯಾಹ್ನದ ರೊಟ್ಟಿಗೆ ಮನೆಗೆ ಬಂದಿರುತ್ತಿದ್ದ. ಆದರೆ ನೆರೆಮನೆಯವರು ಸುಮ್ಮನೆ ಹೋಗುವುದುಂಟೆ?

ಕಲ್ಯಾಣಪ್ಪ ಆಗ ಪಡಸಾಲೆಯಲ್ಲಿ ಕುಳಿತು ಹೊಟ್ಟೆ ಖಾಲಿ ಮಾಡಲು ದವಾಖಾನೆಯವರು ಕೊಟ್ಟ ಪುಡಿ ಕಲಸಿದ ನೀರು ಕುಡಿಯುತ್ತಿದ್ದ. ಎರಡು ಲೀಟರು. ಅತ್ತ ಉಪ್ಪೂ ಅಲ್ಲ, ಇತ್ತ ಸಿಹಿಯೂ ಅಲ್ಲ. ಒಂದು ಲೋಟ ಒಳಗೆ ಹೋದರೆ ಎರಡು ಲೋಟ ಹೊರಗೆ ಹೋಗುತ್ತಿತ್ತು. ಒಂದು ವರ್ಷದಿಂದ ಅವನಿಗೆ ಹೊಟ್ಟೆಯಲ್ಲಿ ಮುರಿತ, ತಿರುಚಿದಂಥ ನೋವು. ಸೊಲ್ಲಾಪುರದಿಂದ ವಾರಕ್ಕೊಮ್ಮೆ ಆಳಂದಕ್ಕೆ ಬರುವ ಹೊಟ್ಟೆ ಡಾಕ್ಟರು ‘ದುರ್ಬೀನು ಹಾಕಿ ನೋಡಬೇಕು’ ಎಂದಿದ್ದರು. ದುರ್ಬೀನೆಂದರೆ ತುದಿಗೆ ಕ್ಯಾಮೆರಾ ಇರುವ ಉದ್ದನೆಯ ನಳಿಗೆ. ಅದನ್ನು ಬಾಯಿಂದ ಬಿಡುವುದಿಲ್ಲ, ಹಿತ್ತಲ ಬಾಗಿಲಿನಿಂದ ಬಿಡುತ್ತಾರೆ. ನೋವಾಗದಿರಲಿ ಅಂತ ಮೊದಲು ಮಬ್ಬು ಬರಿಸುವ ಇಂಜೆಕ್ಷನ್ ಕೊಡುತ್ತಾರೆ.

“ಆ ಇಂಜೆಕ್ಷನ್ ಭಾಳ ಕೆಟ್ಟದ್ದ ನೋಡ್ಬೇ ಗುರುಬಾಯಿ,” ಅಂದಳು ನಿಂಬೆವ್ವ, ಮಜ್ಜಿಗೆಯ ಚರಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು. “ಅದು ಮೈಯಾಗ ಹೋತಂದ್ರ ಮನಸ್ಯಾ ಹೊಟ್ಟ್ಯಾಗಿಂದೆಲ್ಲಾ ಕಕ್ಕಿಬಿಡ್ತಾನ. ಕಿಣ್ಣಿ ಸುಲ್ತಾನ ಊರಾಗಿನ ನಮ್ಮ ಕಾಕಾನ ಮಗ ಶ್ರೀಮಂತಗ ಅಫಜಲಪುರದಾಗ ಕೊಟ್ಟಿದ್ರು. ‘ಮಾವನ ಮನಿಗಿ ಕೊಟ್ಟ ಎಮ್ಮಿ ಬರಡು ಅಂತ ಗೊತ್ತಿದ್ದೇ ಕೊಟ್ಟೀನಿ’ ಅಂತ ಎಲ್ಲಾರ ಮುಂದ ಅಂದುಬಿಟ್ಟ. ಮಾವ ಅಲ್ಲೇ ಬಾಜೂಕ ನಿಂತಿದ್ದ!”

ಕಲ್ಯಾಣಪ್ಪನ ಕೈಯಲ್ಲಿನ ಲೋಟ ಗಾಳಿಯಲ್ಲೇ ನಿಂತಿತು. ಅವನ ಹೆಂಡತಿ ಗುರುಬಾಯಿಯ ಕಣ್ಣು ಮಿಂಚಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ತಮ್ಮನಿಗೆ ಫೋನು ಹಚ್ಚಿದಳು.

“ತಮ್ಮಾ ಗುರುಶಾಂತ, ಎಲ್ಲಿದ್ರೂ ಲಗೂನ ಬಾ. ನಿಮ್ಮ ಭಾವಗ ಇವತ್ತು ಖರೇ ಮಾತಾಡೋ ಇಂಜೆಕ್ಷನ್ ಕೊಡ್ತಾರಂತ.”

ಈ ಗುರುಶಾಂತನ ಕತೆ ಹೇಳದಿದ್ದರೆ ಕಲ್ಯಾಣಪ್ಪನ ಹೆದರಿಕೆ ತಿಳಿಯುವುದಿಲ್ಲ. ಸರಸಂಬಾ ದಾಟಿ ಸ್ವಲ್ಪ ಒಳಗೆ ಹೋದರೆ ಸಿಗುವ ಅವರ ಊರಿನ, ರೈತರಿಗೆ ಸಾಲ ಗೊಬ್ಬರ ಕೊಡುವ ಸೊಸೈಟಿಗೆ ಗುರುಶಾಂತ ಹದಿನೈದು ವರ್ಷ ಅಧ್ಯಕ್ಷನಾಗಿದ್ದ. ಹೋದ ವರ್ಷದ ಚುನಾವಣೆಯಲ್ಲಿ ಶಿವರಾಯನ ಎದುರು ಸೋತ. ಸೋತದ್ದು ಒಂದೇ ಒಂದು ಓಟಿನಿಂದ. ನೂರು ಓಟಿನಿಂದ ಸೋತವನು ನಾಲ್ಕು ದಿನಕ್ಕೆ ಮರೆಯುತ್ತಾನೆ. ಒಂದು ಓಟಿನಿಂದ ಸೋತವನು ಊರನ್ನೇ ನಿದ್ದೆಗೆಡಿಸುತ್ತಾನೆ. ‘ನಮ್ಮವನೇ ಯಾವನೋ ಕೈ ಕೊಟ್ಟಾನ’ ಅಂತ ಗುರುಶಾಂತ ವರ್ಷವಿಡೀ ಮನೆಮನೆ ಸುತ್ತಿ ಆಣೆ ಮಾಡಿಸಿದ್ದ. ಗುರುಬಾಯಿಯಂತೂ ಓಣಿಯ ನಡುವೆ ನಿಂತು, ‘ಅಂವಾ ಯಾವನರೆ ಆಗಲಿ, ಅವನಿಗೆ ನನ್ನ ಕೈಯಿಂದ ಒಂದು ತುತ್ತು ಸಿಗಂಗಿಲ್ಲ’ ಎಂದು ಘೋಷಿಸಿದ್ದಳು.

ಆ ‘ಯಾವನೋ’ ಕಲ್ಯಾಣಪ್ಪನೇ.

ಅವನದೇನು ತಪ್ಪು? ಆ ವರ್ಷ ಬಿತ್ತನೆಗೆ ಮುಂಚೆ ಗೊಬ್ಬರಕ್ಕೆ ಹೋದಾಗ ಊರಿನ ಎದುರೇ ಗುರುಶಾಂತ, ‘ಅಕ್ಕನ ಗಂಡ ಅಂತ ಮೊದಲು ಕೊಡಾಕ ಬರಂಗಿಲ್ಲ, ಸಾಲಿನ್ಯಾಗ ನಿಂದ್ರು’ ಎಂದಿದ್ದ. ಕಲ್ಯಾಣಪ್ಪ ನಿಂತ. ನಾಲ್ಕು ತಾಸು, ಬಿಸಿಲಿನಲ್ಲಿ, ಹಲ್ಲು ಕಡಿಯುತ್ತ ನಿಂತ. ಅವನ ಪಾಳಿ ಬಂದಾಗ ಗೊಬ್ಬರ ಮುಗಿದಿತ್ತು. ‘ನಾಳೆ ಬಾ ಭಾವ’ ಎಂದು ಗುರುಶಾಂತ ನಗುತ್ತ ಷಟರ್ ಎಳೆದ. ಆ ನಗು ಕಲ್ಯಾಣಪ್ಪನ ಎದೆಯಲ್ಲಿ ಚುನಾವಣೆಯವರೆಗೂ ಉರಿಯಿತು. ಗುರುಶಾಂತನ ಗುರುತು ಕುಕ್ಕರ್, ಶಿವರಾಯನದು ಫ್ಯಾನು. ಕಲ್ಯಾಣಪ್ಪ ಮುದ್ರೆಯನ್ನು ಫ್ಯಾನಿನ ಮೇಲೆ ಎಷ್ಟು ಜೋರಾಗಿ ಒತ್ತಿದನೆಂದರೆ ಮೇಜು ಅಲ್ಲಾಡಿ ಒಳಗೇನಾಯಿತೆಂದು ಅಧಿಕಾರಿ ಇಣುಕಿದ. ಆಮೇಲೆ ಮನೆಗೆ ಬಂದು ಹೆಂಡತಿಯ ತಲೆಯ ಮೇಲೆ ಕೈ ಇಟ್ಟು, ‘ಕುಕ್ಕರಿಗೇ ಹಾಕೇನಿ’ ಎಂದು ಆಣೆ ಮಾಡಿದ. ಹೊಟ್ಟೆ ಮುರಿತ ಶುರುವಾದದ್ದು ಆ ಆಣೆಯ ನಂತರವೇ.

ಅರ್ಧ ತಾಸಿನಲ್ಲಿ ಗುರುಶಾಂತ ಇಸ್ತ್ರಿ ಅಂಗಿ ಹಾಕಿಕೊಂಡು ಹಾಜರಾದ. ಬರುವಾಗ ಮೊಬೈಲು ಪೂರ್ತಿ ಚಾರ್ಜು ಮಾಡಿಕೊಂಡು ಬಂದಿದ್ದ.

“ನೀ ಯಾಕ ಬಂದಿಲೇ?” ಎಂದ ಕಲ್ಯಾಣಪ್ಪ.

“ಭಾವಗ ದವಾಖಾನಿ ಅಂದ್ರ ನಾ ಬರದೆ ಮತ್ತ್ಯಾರು ಬರಬೇಕು? ಒಳಗೂ ಬಾಜೂಕ ನಾನೇ ನಿಂದ್ರತೇನಿ. ಕೈ ಹಿಡ್ಕೋತೇನಿ.”

“ನಿನ್ನ ಕೈ ನನಗ ಬ್ಯಾಡ.”

“ಸಿಟ್ಟಿಗೇಳಬ್ಯಾಡ್ರೀ,” ಎಂದಳು ಗುರುಬಾಯಿ. “ಖಾಲಿ ಹೊಟ್ಟ್ಯಾಗ ಸಿಟ್ಟು ಚಲೋ ಅಲ್ಲ.”

ಖಾಲಿ ಹೊಟ್ಟೆಯಲ್ಲಿ ಮನುಷ್ಯನಿಗೆ ಸಿಟ್ಟಲ್ಲದೆ ಇನ್ನೇನು ಬರುತ್ತದೆ? ನಿಂಬೆವ್ವನೂ ಚರಿಗೆಯನ್ನು ಮನೆಯಲ್ಲಿಟ್ಟು, ಹೊಸ ಸೀರೆ ಉಟ್ಟು ಹೊರಟು ನಿಂತಿದ್ದಳು. ಆಳಂದದಲ್ಲಿ ಅವಳಿಗೇನು ಕೆಲಸ ಎಂದು ಯಾರೂ ಕೇಳಲಿಲ್ಲ. ಬಾಡಿಗೆಯ ಟಂಟಂ ಆಟೋ ಹತ್ತಿದ ಮೇಲೆ ಹಿಂದಿನ ಸೀಟಿನಲ್ಲಿ ಅಕ್ಕತಮ್ಮ ಇಬ್ಬರೂ ಕುಳಿತು ಏನೇನು ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು ಎಂದು ಪಿಸುಗುಟ್ಟುವುದು ಕಲ್ಯಾಣಪ್ಪನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವನು ಮುಂದಿನ ಸೀಟಿನ ಕಂಬಿ ಹಿಡಿದು ಅಲ್ಲೇ ನಿಶ್ಚಯ ಮಾಡಿದ. ಇಂಜೆಕ್ಷನ್ ಬೇಡ. ಪ್ರಾಣ ಹೋದರೂ ಬೇಡ.

ಸರಸಂಬಾ ದಾಟುತ್ತಿದ್ದಂತೆ ಪುಡಿ ನೀರು ಮತ್ತೆ ತನ್ನ ಕೆಲಸ ಶುರು ಮಾಡಿತು.

“ಗಾಡಿ ನಿಂದ್ರಸ್ರಿ!” ಎಂದು ಕಿರುಚಿದ ಕಲ್ಯಾಣಪ್ಪ, ಟಂಟಂ ಪೂರ್ತಿ ನಿಲ್ಲುವ ಮೊದಲೇ ಹಾರಿ, ರಸ್ತೆ ಪಕ್ಕದ ಆಳೆತ್ತರದ ತೊಗರಿಯೊಳಗೆ ಮಾಯವಾದ. ಯಾರ ಹೊಲವೆಂದು ನೋಡುವ ವ್ಯವಧಾನ ಎಲ್ಲಿತ್ತು? ಅವನ ಹಣೆಬರಹಕ್ಕೆ ಅದು ಶಿವರಾಯನ ಹೊಲ. ಶಿವರಾಯ ಬದುವಿನ ಮೇಲೆ ನಿಂತು ಔಷಧಿ ಹೊಡೆಸುತ್ತಿದ್ದ. ತೊಗರಿಯೊಳಗೆ ಯಾವುದೋ ಹಂದಿ ಹೊಕ್ಕಿದೆಯೆಂದು ಕಲ್ಲೆತ್ತಿದವನು ಕಲ್ಯಾಣಪ್ಪನ ಮುಖ ಕಂಡೊಡನೆ ಕಲ್ಲು ಬಿಸಾಡಿ ಹಲ್ಲು ಕಿರಿದ.

“ಯಾರು, ಕಲ್ಯಾಣಪ್ಪನೋರೇನ್ರಿ? ಕೂಡ್ರಿ ಕೂಡ್ರಿ, ಆರಾಮ ಕೂಡ್ರಿ! ಏ, ಸಾಹೇಬರಿಗಿ ಒಂದ್ ಚರಿಗಿ ನೀರು ತರ್ರಿ!”

ಕಲ್ಯಾಣಪ್ಪ ಕೈಸನ್ನೆ ಮಾಡಿ ಸುಮ್ಮನಿರು ಎಂದು ಬೇಡಿಕೊಂಡ. ಆದರೆ ಗೆದ್ದವನಿಗೆ ದನಿ ತಗ್ಗಿಸುವ ಅಭ್ಯಾಸ ಇರುವುದಿಲ್ಲ. ಸೋತವನ ಭಾವ ತನ್ನ ಹೊಲಕ್ಕೆ ಬಂದ ಖುಷಿಗೆ ಶಿವರಾಯ ಅವನನ್ನು ರಸ್ತೆಯವರೆಗೂ ಕೈ ಹಿಡಿದು ಕರೆತಂದು ಟಂಟಂ ಹತ್ತಿಸಿದ.

“ಯಾವಾಗ ಬೇಕಾದ್ರೂ ಬರ್ರಿ. ನಿಮ್ಮದೇ ಹೊಲ ಅಂತ ತಿಳ್ಕೋರಿ.”

ಟಂಟಂ ಹೊರಟಿತು.

“ಅಕ್ಕಾ,” ಎಂದ ಗುರುಶಾಂತ ನಿಧಾನವಾಗಿ, “ನಾ ಆ ಹೊಲದ ಬದುವಿನ ಮ್ಯಾಲ ಕಾಲಿಟ್ರ ಅಂವಾ ನಾಯಿ ಬಿಡ್ತಾನ. ಭಾವಗ ನೀರು ತರಸ್ತಾನ. ಏನಿದು?”

“ನನಗೂ ಅದೇ ಕೇಳಬೇಕಾಗ್ಯದ,” ಎಂದಳು ಗುರುಬಾಯಿ.

“ಇನ್ನೇನು ಒಂದ್ ತಾಸು,” ಎಂದು ನಿಂಬೆವ್ವ ಸಮಾಧಾನ ಹೇಳಿದಳು. “ಇಂಜೆಕ್ಷನ್ ಎಲ್ಲಾ ಹೇಳಸ್ತದ.”

ದವಾಖಾನೆಯಲ್ಲಿ ಕರೀಮುನ್ನಿಸಾ ಎಂಬ ನರ್ಸಮ್ಮ ಇದ್ದಳು. ಇಪ್ಪತ್ತು ವರ್ಷದ ಅನುಭವ, ಯಾರ ಮಾತಿಗೂ ಸೊಪ್ಪು ಹಾಕದ ಹೆಂಗಸು. ಅವಳು ಕಲ್ಯಾಣಪ್ಪನಿಗೆ ಹಿಂದೆ ಸೀಳಿದ್ದ ಒಂದು ಹಸಿರು ಅಂಗಿ ತೊಡಿಸಿ, ಸೂಜಿ ತೆಗೆದುಕೊಂಡು ಬಂದಳು.

“ಇಂಜೆಕ್ಷನ್ ಬ್ಯಾಡ,” ಎಂದ ಕಲ್ಯಾಣಪ್ಪ.

“ಕ್ಯಾ? ಬ್ಯಾಡ?” ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಚಾಚಾ, ಇದು ಸಣ್ಣ ನಳಗಿ ಅಲ್ರಿ. ಭಾಳ ತಕಲೀಫ್ ಆಗ್ತದ.”

“ಆಗ್ಲಿ.”

ಗುರುಶಾಂತ ಮೂಲೆಯಿಂದ ಜಿಗಿದು ಬಂದ. “ಅವನ ಮಾತು ಕೇಳಬ್ಯಾಡ್ರಿ ನರ್ಸಬಾಯಿ. ಕೊಡ್ರಿ. ಒಂದು ಯಾಕ, ಎರಡು ಕೊಡ್ರಿ!”

“ಹೊಟ್ಟಿ ಯಾರದು? ನಿಂದೋ ನಂದೋ?”

“ಭಾವ, ನೋವು ತಡಕೊಳ್ಳಾಕ ಆಗಂಗಿಲ್ಲ ನಿನ್ನ ಕೈಲೆ. ಮುಳ್ಳು ಚುಚ್ಚಿದ್ರ ಓಣಿ ಕೂಡಸ್ತಿ ನೀ!”

ಡಾಕ್ಟರು ಬಂದರು. ಕನ್ನಡಕ ಹಣೆಗೇರಿಸಿ ಇಬ್ಬರ ಜಗಳ ಕೇಳಿದರು. ಇಂಜೆಕ್ಷನ್ ಇಲ್ಲದೆಯೂ ಮಾಡಿಸಿಕೊಳ್ಳುವವರು ಇದ್ದಾರೆ, ಕರುಳು ತಿರುಗುವ ಕಡೆ ನೋವಾಗುತ್ತದೆ, ಆದರೆ ತಡೆಯಬಹುದು, ರೋಗಿಯ ಇಷ್ಟ ಎಂದರು. ಒಂದು ಕಾಗದ ಕೊಟ್ಟರು. ಕಲ್ಯಾಣಪ್ಪ ಓದದೆ ಸಹಿ ಮಾಡಿದ. ಗುರುಶಾಂತನ ಮುಖ ಸುಟ್ಟ ರೊಟ್ಟಿಯ ಹಾಗಾಯಿತು.

“ಹಂಗಾದ್ರ ನೀ ಹೊರಗ ನಡಿ,” ಎಂದ ಕಲ್ಯಾಣಪ್ಪ.

“ಇಲ್ಲ. ಒಬ್ಬರು ಬಾಜೂಕ ಇರಬಹುದು ಅಂತ ಡಾಕ್ಟರು ಹೇಳ್ಯಾರ. ನೋವಿನ್ಯಾಗೂ ಮನಸ್ಯಾ ಖರೇ ಮಾತಾಡ್ತಾನ,” ಎಂದು ಗುರುಶಾಂತ ಮೊಬೈಲನ್ನು ದಿಂಬಿನ ಹತ್ತಿರ ಇಟ್ಟು, ರೆಕಾರ್ಡು ಒತ್ತಿ, ಸ್ಟೂಲು ಎಳೆದುಕೊಂಡು ಕುಳಿತ.

ಎಂಥ ಸಂಬಂಧಿಕರಪ್ಪಾ ಇವರು! ಒಬ್ಬ ಮನುಷ್ಯ ಎಡಮಗ್ಗಲಾಗಿ ಮಲಗಿ, ಮೊಣಕಾಲು ಎದೆಗೆ ಹಚ್ಚಿ, ಬೆನ್ನ ಹಿಂದಿನ ಮಾನವನ್ನೆಲ್ಲ ಪರರ ಕೈಗೆ ಒಪ್ಪಿಸಿ ಬಿದ್ದಿರುವಾಗಲೂ ಇವರಿಗೆ ಸೊಸೈಟಿಯ ಚಿಂತೆ.

ನಳಿಗೆ ಒಳಗೆ ಹೋಯಿತು. ಮೊದಲಿಗೆ ಕಲ್ಯಾಣಪ್ಪನಿಗೆ ನೋವಿಗಿಂತ ಅವಮಾನವೇ ಹೆಚ್ಚಾಯಿತು. ಆಮೇಲೆ ಗಾಳಿ ಬಿಟ್ಟರು. ಹೊಟ್ಟೆ ಟ್ರ್ಯಾಕ್ಟರಿನ ಟ್ಯೂಬಿನಂತೆ ಉಬ್ಬಿತು. ಎದುರಿನ ಪರದೆಯ ಮೇಲೆ ಅವನ ಕರುಳು ಗುಲಾಬಿ ಬಣ್ಣದ ಗುಹೆಯಾಗಿ ಕಾಣುತ್ತಿತ್ತು. ಅದನ್ನು ಗುರುಶಾಂತನೂ ಬಗ್ಗಿ ಬಗ್ಗಿ ನೋಡುತ್ತಿದ್ದ. ತನ್ನ ಓಟು ಅಲ್ಲೇ ಎಲ್ಲೋ ಮಡಚಿಕೊಂಡು ಬಿದ್ದಿರಬಹುದೆಂಬ ಹಾಗೆ.

“ಮಾತಾಡ್ರಿ ಚಾಚಾ,” ಎಂದಳು ಕರೀಮುನ್ನಿಸಾ. “ಮಾತಾಡಿದ್ರ ನೋವು ಗೊತ್ತಾಗಂಗಿಲ್ಲ.”

“ಹೌದು ಭಾವ, ಮಾತಾಡು,” ಎಂದ ಗುರುಶಾಂತ ಅವನ ಕಿವಿಗೆ ಬಾಯಿ ಹಚ್ಚಿ. “ಹೇಳು. ಹೋದ ವರ್ಷ ಮುದ್ರಿ ಯಾವುದಕ್ಕ ಒತ್ತಿದಿ?”

ಕಲ್ಯಾಣಪ್ಪ ಹಲ್ಲು ಕಚ್ಚಿದ.

“ಈಗ ಮೊದಲನೇ ತಿರುವು,” ಎಂದರು ಡಾಕ್ಟರು ಆ ಕಡೆಯಿಂದ.

ತಿರುವು ಬಂತು. ಯಾರೋ ಒಳಗೆ ಕೈ ಹಾಕಿ ಕರುಳನ್ನು ಹಗ್ಗದಂತೆ ಹೊಸೆದ ಹಾಗಾಯಿತು. ಕಲ್ಯಾಣಪ್ಪನ ಕಣ್ಣಲ್ಲಿ ನೀರು ಬಂತು. ‘ಫ್ಯಾನು’ ಎಂಬ ಎರಡಕ್ಷರ ಗಂಟಲಿನಿಂದ ಎದ್ದು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಒಳಗೆ ತಳ್ಳಲು ಅವನಿಗೆ ಬೇರೇನೂ ತೋಚದೆ, ಮೂರನೇ ಇಯತ್ತೆಯಲ್ಲಿ ಮಾಸ್ತರರು ಬೆತ್ತದಿಂದ ಕಲಿಸಿದ್ದನ್ನು ಒದರತೊಡಗಿದ.

“ಹದಿನೇಳ್ ಒಂದ್ಲೆ ಹದಿನೇಳ! ಹದಿನೇಳ್ ಎರಡ್ಲೆ ಮೂವತ್ನಾಲ್ಕ!”

“ಭಾವ, ಮಗ್ಗಿ ಬ್ಯಾಡ. ಕುಕ್ಕರೋ ಫ್ಯಾನೋ ಅಷ್ಟ ಹೇಳು!”

“ಹದಿನೇಳ್ ಮೂರ್ಲೆ ಐವತ್ತೊಂದಾ!”

“ಶಿವರಾಯ ನೀರು ಯಾಕ ತರಿಸಿದ?”

“ಹದಿನೇಳ್ ಏಳ್ಲೆ ನೂರಾ ಹದಿನೆಂಟಾ!”

“ನೂರಾ ಹತ್ತೊಂಬತ್ತು,” ಎಂದು ಡಾಕ್ಟರು ಹಿಂದಿನಿಂದ ತಿದ್ದಿದರು. “ಅಲುಗಾಡಬೇಡಿ.”

ಹೀಗೆ ಹದಿನೇಳರಿಂದ ಹತ್ತೊಂಬತ್ತರ ಮಗ್ಗಿಯವರೆಗೆ ಇಪ್ಪತ್ತು ನಿಮಿಷ ನಡೆಯಿತು. ನಳಿಗೆ ಹೊರಗೆ ಬಂದಾಗ ಕಲ್ಯಾಣಪ್ಪ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ. ಆದರೆ ಬಾಯಿಂದ ಒಂದು ಓಟೂ ಬಿದ್ದಿರಲಿಲ್ಲ.

“ಕರುಳು ಪೂರ್ತಿ ಸಾಫ್ ಇದೆ, ಹುಣ್ಣಿಲ್ಲ, ಗಂಟಿಲ್ಲ,” ಎಂದರು ಡಾಕ್ಟರು ಕೈಗವಸು ಬಿಚ್ಚುತ್ತ. “ಏನೋ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುತ್ತಿದ್ದೀರಿ. ಸಿಟ್ಟು ಕಮ್ಮಿ ಮಾಡಿ. ಮುರಿತ ತಾನೇ ಹೋಗುತ್ತದೆ.”

ಕಲ್ಯಾಣಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗೆದ್ದೆ ಎನ್ನಿಸಿತು. ಹೊರಗಿನ ಪಡಸಾಲೆಯ ಬೆಂಚಿನ ಮೇಲೆ, ಒಂದೇ ಮಗ್ಗಲಿನ ಮೇಲೆ ಭಾರ ಹಾಕಿ ಕುಳಿತ. ಬೆಂಚಿನ ತುಂಬ ತಮ್ಮ ಪಾಳಿ ಕಾಯುವ ಜನ. ಗುರುಬಾಯಿ ಮತ್ತು ನಿಂಬೆವ್ವ ಚಹಾ ತರಲು ಎದುರಿನ ಹೋಟೆಲಿಗೆ ಹೋಗಿದ್ದರು. ಗುರುಶಾಂತ ಬಂದು ಪಕ್ಕದಲ್ಲಿ ಕುಳಿತ. ಅವನ ಕಣ್ಣು ತೇವವಾಗಿತ್ತು. ರೆಕಾರ್ಡು ನಿಲ್ಲಿಸಿದ ಮೊಬೈಲು ಕಿಸೆಯಲ್ಲಿತ್ತು.

“ಭಾವ,” ಎಂದ ಅವನು ಗದ್ಗದನಾಗಿ. “ನನಗ ಮಾಫ್ ಮಾಡು. ಇಷ್ಟು ನೋವಿನ್ಯಾಗ ಮನಸ್ಯಾ ಏನೂ ಮುಚ್ಚಿಡಾಕ ಸಾಧ್ಯನೇ ಇಲ್ಲ. ನೀ ಬಂಗಾರದಂಥಾಂವ. ನಿನ್ನ ಮ್ಯಾಲ ಡೌಟು ಬಂದದ್ದಕ್ಕ ನನ್ನ ನಾಲಗಿ ಸೀಳಬೇಕು.”

ಕಲ್ಯಾಣಪ್ಪ ದೊಡ್ಡ ಮನಸ್ಸಿನಿಂದ ಕೈ ಬೀಸಿದ. “ಇರ್ಲಿ ಬಿಡು.”

“ಇಲ್ಲ, ನಿನ್ನಂಥ ಗಟ್ಟಿ ಹೊಟ್ಟಿಯವನ ಮುಂದ ಮುಚ್ಚಿಡಾಕ ನನ್ನ ಕೈಲೆ ಆಗಂಗಿಲ್ಲ. ಯಾರಿಗೂ ಹೇಳಬ್ಯಾಡ.” ಗುರುಶಾಂತ ಆಚೀಚೆ ನೋಡಿ, ಅವನ ಕಿವಿಯ ಹತ್ತಿರ ಬಂದು ಉಸಿರಿನಲ್ಲೇ ಹೇಳಿದ. “ಆ ಒಂದು ಓಟು ನಂದೇ.”

“ಅಂದ್ರ?”

“ಹದಿನೈದು ವರ್ಷ ನನ್ನ ಗುರುತು ಫ್ಯಾನೇ ಇತ್ತಲ್ಲ. ಹೋದ ವರ್ಷ ಚೀಟಿ ಎತ್ತಿದಾಗ ಅದು ಶಿವರಾಯಗ ಹೋತು, ನನಗ ಕುಕ್ಕರ್ ಬಂತು. ಊರ ಮಂದಿಗೆಲ್ಲಾ ‘ಕುಕ್ಕರ್ ಮರೀಬ್ಯಾಡ್ರಿ’ ಅಂತ ಒದರಿ ಒದರಿ ಗಂಟಲ ಹರಕೊಂಡೆ. ಒಳಗ ಹೋಗಿ ಪರದೆ ಹಿಂದ ನಿಂತಾಗ ಕೈ ತಾನೇ ಫ್ಯಾನಿಗೆ ಹೋತು ಭಾವ! ಒತ್ತಿದ ಮ್ಯಾಲ ಖಬರ್ ಬಂತು. ಯಾರ ಮುಂದ ಹೇಳ್ಲಿ? ಅದಕ್ಕ ‘ಯಾವನೋ ಕೈ ಕೊಟ್ಟಾನ’ ಅಂತ ಸುಮ್ನ ಊರಿಗೆಲ್ಲಾ ಆಣಿ ಮಾಡಿಸಿದೆ. ಇನ್ನೊಬ್ಬ ಯಾವನರೆ ಸಿಕ್ರ ಸೋತ ತಪ್ಪು ಅವನ ತಲಿಗಿ ಕಟ್ಟಬೇಕಂತ ಮಾಡಿದ್ದೆ.”

ಕಲ್ಯಾಣಪ್ಪನ ಕಿವಿಯ ತುದಿ ಕೆಂಪಾಯಿತು. ವರ್ಷದ ಮುರಿತ, ಹೆಂಡತಿಯ ತಲೆ ಮುಟ್ಟಿ ಮಾಡಿದ ಸುಳ್ಳು ಆಣೆ, ಎರಡು ಲೀಟರು ಪುಡಿ ನೀರು, ತೊಗರಿಯೊಳಗಿನ ಮಾನ, ಮೊದಲನೇ ತಿರುವು, ಎರಡನೇ ತಿರುವು, ಎಲ್ಲವೂ ಒಟ್ಟಿಗೆ ಕುದಿದು ಮೇಲೆ ಬಂದವು. ಅವನು ಬೆಂಚಿನಿಂದ ಎದ್ದು ನಿಂತ. ಇಂಜೆಕ್ಷನ್ ಹೇಳಿಸಲಾರದ್ದನ್ನು, ನಳಿಗೆ ಹೇಳಿಸಲಾರದ್ದನ್ನು ಸಿಟ್ಟು ಒಂದೇ ಉಸಿರಿಗೆ ಹೇಳಿಸಿತು.

“ಲೇ ನಾಲಾಯಕ್! ನೀನೂ ಫ್ಯಾನಿಗೇ ಒತ್ತೀದಿ? ಹಂಗಾದ್ರ ನಾ ಒಬ್ಬಾಂವನೇ ಫ್ಯಾನಿಗೆ ಒತ್ತೇನಿ ಅಂತ ಒಂದ್ ವರ್ಷ ಯಾಕ ಸಾಯಾಕತ್ತಿದ್ದೆ? ಫ್ಯಾನಿಗೆ ಹಾಕಿದ್ದು ಬಾಯಿಂದ ಬರಬಾರದು ಅಂತ ಇಂಜೆಕ್ಷನ್ ಬಿಟ್ಟು, ಎಚ್ಚರ ಇದ್ದಾಗ ಆ ಹಾಳಾದ ನಳಗಿ ತುರುಕಿಸ್ಕೊಂಡೆನಲ್ಲೋ!”

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲಲ್ಲಿ ಕೈಯಲ್ಲಿ ಎರಡು ಚಹಾ ಕಪ್ಪು ಹಿಡಿದು ಗುರುಬಾಯಿ ನಿಂತಿದ್ದಳು. ಅವಳ ಹಿಂದೆ ನಿಂಬೆವ್ವ. ತಾನು ಬಂದದ್ದು ಸಾರ್ಥಕವಾಯಿತೆಂಬ ಸಂತೋಷ ನಿಂಬೆವ್ವನ ಮುಖದ ತುಂಬ ಇತ್ತು.

ಗುರುಶಾಂತ ಹದಿನೈದು ವರ್ಷ ಸುಮ್ಮನೆ ಅಧ್ಯಕ್ಷನಾಗಿರಲಿಲ್ಲ. ಅರೆಗಳಿಗೆಯಲ್ಲಿ ಎದೆ ಬಡಿದುಕೊಂಡ.

“ಕೇಳಿದೇನಕ್ಕಾ! ತನ್ನ ಬಾಯಿಲೇ ಅಂದ! ಮ್ಯಾಲ ನನ್ನ ಹೆಸರೂ ಕೂಡಸಾಕತ್ಯಾನ. ಯಾವನರೆ ತನಗ ತಾನೇ ಓಟು ಹಾಕ್ಕೊಳ್ಳದೆ ಇರ್ತಾನೇನು?”

“ಇಂವಾ ಇಲ್ಲೇ ಅಂದ, ಈಗ ನನ್ನ ಕಿವ್ಯಾಗ ಅಂದ!” ಎಂದು ಕಲ್ಯಾಣಪ್ಪ ಸುತ್ತ ನೋಡಿದ. ಯಾರೂ ಕೇಳಿರಲಿಲ್ಲ. ಅವನು ಗಳಿಗೆಯಲ್ಲಿ ದನಿ ಬದಲಿಸಿ, ತಲೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದ. “ಗುರುಬಾಯಿ... ನನಗ ತಲಿ ತಿರಗಾಕತ್ತದ... ಮಬ್ಬು... ಮಬ್ಬಿನ್ಯಾಗ ಏನೋ ಅಂದೆ ಕಾಣ್ತದ...”

ಗುರುಬಾಯಿಯ ಮುಖ ಒಂದಿಷ್ಟು ಸಡಿಲವಾಯಿತು. ಆಣೆ ಮಾಡಿದ ಗಂಡನನ್ನು ನಂಬಲು ಅವಳಿಗೂ ಆಸೆಯಿತ್ತು. ಅವಳು ಬಾಗಿಲಿನಲ್ಲಿ ಕಾಣಿಸಿಕೊಂಡ ನರ್ಸಮ್ಮನ ಕಡೆ ತಿರುಗಿದಳು.

“ಬಾಯಿ, ಮಬ್ಬು ಇನ್ನಾ ಇಳಿದಿಲ್ಲೇನ್ರಿ ಇವ್ರಿಗಿ?”

“ಎಂಥಾ ಮಬ್ಬು?” ಎಂದಳು ಕರೀಮುನ್ನಿಸಾ, ಪಡಸಾಲೆಗೆಲ್ಲ ಕೇಳುವಂತೆ, ತನ್ನ ರೋಗಿಯ ಬಗ್ಗೆ ಹೆಮ್ಮೆಪಡುತ್ತ. “ಒಂದು ಹನಿ ಸುದ್ದಾ ಕೊಟ್ಟಿಲ್ರಿ. ಚಾಚಾ ಪೂರಾ ಹೋಶಿನ್ಯಾಗ ಅದಾರ. ಇಪ್ಪತ್ತು ವರ್ಷದಾಗ ಇಂಥಾ ಖಬರ್ ಇದ್ದ ಮನಸ್ಯಾನ್ನ ನಾ ನೋಡಿಲ್ಲ. ಏನ್ ಮಾತಾಡಿದ್ರೂ ತಿಳಿದೇ ಮಾತಾಡ್ತಾರ.”

ಗುರುಬಾಯಿ ಒಂದು ಕಪ್ಪು ಚಹಾ ತಮ್ಮನ ಕೈಗೆ ಕೊಟ್ಟಳು. ಇನ್ನೊಂದನ್ನು ನಿಂಬೆವ್ವನಿಗೆ ಕೊಟ್ಟಳು. ಆಮೇಲೆ ಗಂಡನ ಮುಖವನ್ನೂ ನೋಡದೆ ಸೆರಗು ಹೊದ್ದು ಟಂಟಂ ನಿಂತಿದ್ದ ಕಡೆ ನಡೆದಳು. ಗುರುಶಾಂತ, ನಿಂಬೆವ್ವ ಇಬ್ಬರೂ ಚಹಾ ಹೀರುತ್ತ ಅವಳ ಹಿಂದೆ ಹೋದರು. ಗಾಡಿ ಶುರುವಾದ ಸದ್ದು ಬಂತು, ದೂರವಾಯಿತು.

ನಿನ್ನೆಯಿಂದ ಒಂದು ತುತ್ತೂ ಕಾಣದ ಹೊಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದು ಕಲ್ಯಾಣಪ್ಪ ನರ್ಸಮ್ಮನನ್ನು ನೋಡಿದ.

“ಬಾಯಿ,” ಎಂದ, “ಆ ಇಂಜೆಕ್ಷನ್ ಈಗ ಕೊಡಾಕ ಬರ್ತದೇನ್ರಿ?”